ಚೀಟಿ ಅಂಟಿಸಿ ಯೋಜನೆ ಮಾಡುವವರು

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಯಾವುದಾದರೂ ಊರಿನ ಹಾಲಿನ ಡೈರಿಗೆ ಹೊಸ ಸಾಫ್ಟ್‌ವೇರ್ ಬರೆಯಬೇಕಾಗಿದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ ತಂಡವೊಂದು ದಪ್ಪನೆಯ ವರದಿ ತಯಾರಿಸುತ್ತದೆ. ಎಲ್ಲರೂ ಓದುತ್ತಾರೆ, ಎಲ್ಲರೂ ಸರಿ ಎನ್ನುತ್ತಾರೆ. ಕೆಲಸ ಅರ್ಧ ಮುಗಿದ ಮೇಲೆ ನೋಡಿದರೆ ಒಬ್ಬೊಬ್ಬರ ತಲೆಯಲ್ಲಿ ಒಂದೊಂದು ಡೈರಿ!

ಇದಕ್ಕೆ ಅಮೆರಿಕದ ಜೆಫ್ ಪ್ಯಾಟನ್ ಬಳಕೆಗೆ ತಂದ ಉಪಾಯ ‘ಸ್ಟೋರಿ ಮ್ಯಾಪಿಂಗ್’. 2014ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. ಬೇಕಾದ ಸಾಮಾನು ಒಂದು ಗೋಡೆ, ಒಂದಿಷ್ಟು ಅಂಟು ಚೀಟಿ, ದಪ್ಪ ಮೊನೆಯ ಪೆನ್ನು. ಮೊನೆ ದಪ್ಪವಿದ್ದರೆ ಚೀಟಿಯಲ್ಲಿ ಮೂರು ನಾಲ್ಕು ಪದಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಉಳಿದದ್ದನ್ನು ಬಾಯಿಬಿಟ್ಟು ಹೇಳಲೇಬೇಕು.

ಕೆಲಸ ನಡೆಯುವ ಕ್ರಮದಲ್ಲೇ ಎಡದಿಂದ ಬಲಕ್ಕೆ ಅಂಟಿಸುತ್ತ ಹೋಗಬೇಕು. ಹಾಲು ಹಾಕುವುದು, ಅಳೆಯುವುದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡುವುದು, ರಸೀದಿ ಕೊಡುವುದು, ಕುದೇರಿನ ಚಾಮುಲ್ ಹಾಲು ಒಕ್ಕೂಟಕ್ಕೆ ಕಳಿಸುವುದು, ದುಡ್ಡು ಕೊಡುವುದು. ಒಂದೊಂದರ ಕೆಳಗೂ ಅದರ ಸಣ್ಣಪುಟ್ಟ ವಿವರ. ‘ದುಡ್ಡು ಕೊಡುವುದು’ ಅಂಟಿಸಿದ ಕೂಡಲೇ ಡೈರಿ ಸೆಕ್ರೆಟರಿ ತಡೆಯುತ್ತಾರೆ. ಡೈರಿಯ ಬಟವಾಡೆಯ ದಾರಿಯೇ ಬೇರೆ. ಸರ್ಕಾರ ಲೀಟರಿಗೆ ಇಂತಿಷ್ಟು ಎಂದು ಕೊಡುವ ಪ್ರೋತ್ಸಾಹಧನ ನೇರವಾಗಿ ರೈತರ ಬ್ಯಾಂಕ್ ಖಾತೆಗೆ, ಅದು ಬಂದಾಗ ಬರುತ್ತದೆ. ಒಂದು ಚೀಟಿ ಎರಡಾಯಿತು. ವರದಿಯ ಯಾವುದೋ ಪುಟದಲ್ಲೂ ಇದು ಇದ್ದಿರಬಹುದು, ಆದರೆ ಅಲ್ಲಿ ಯಾರೂ ಯಾರನ್ನೂ ತಡೆದು ಕೇಳುವುದಿಲ್ಲ.

ಗೋಡೆಯ ಮೇಲೆ ಮೂಡಿದ ಈ ನಕ್ಷೆಯ ಒಂದೊಂದು ಚೀಟಿಯನ್ನು ಬಿಡಿಸಿ ನೋಡಲು ಇನ್ನೊಂದು ವಿಧಾನವಿದೆ. 2015ರಲ್ಲಿ ಮ್ಯಾಟ್ ವಿನ್ ಪರಿಚಯಿಸಿದ ‘ಎಕ್ಸಾಂಪಲ್ ಮ್ಯಾಪಿಂಗ್’. ಹಳದಿ ಚೀಟಿಯಲ್ಲಿ ಕೆಲಸ, ನೀಲಿಯಲ್ಲಿ ನಿಯಮ, ಹಸಿರಿನಲ್ಲಿ ಉದಾಹರಣೆ, ಕೆಂಪಿನಲ್ಲಿ ಉತ್ತರ ಸಿಗದ ಪ್ರಶ್ನೆ. ಸುಮಾರು 25 ನಿಮಿಷದಲ್ಲಿ ಮುಗಿಯಬೇಕು. ನಿಯಮ ಹೇಳುವುದು ಸುಲಭ: ಹಾಲು ಹಾಕಿದ ಸದಸ್ಯರಿಗೆ ಮೆಸೇಜು ಹೋಗಬೇಕು. ಉದಾಹರಣೆ ಕೇಳಿದಾಗಲೇ ಗಂಟು ಕಾಣುವುದು. ಸದಸ್ಯತ್ವ ಅತ್ತೆಯ ಹೆಸರಿನಲ್ಲಿದೆ, ಕ್ಯಾನ್ ಹೊತ್ತು ತರುವವಳು ಸೊಸೆ, ಕೊಟ್ಟಿರುವ ಫೋನ್ ನಂಬರು ಮೈಸೂರಿನಲ್ಲಿ ಕೆಲಸಕ್ಕಿರುವ ಮಗನದು. ಮೆಸೇಜು ಯಾರಿಗೆ? ಕೆಂಪು ಚೀಟಿ. ಕರೆಂಟ್ ಹೋಗಿ ಫ್ಯಾಟ್ ನೋಡುವ ಮಿಷನ್ ನಿಂತ ಸಂಜೆ ಯಾವ ದರ ಹಿಡಿಯುವುದು? ಇನ್ನೊಂದು ಕೆಂಪು. ಕೆಂಪೇ ಹೆಚ್ಚಾದರೆ ಆ ಕೆಲಸ ಇನ್ನೂ ಕೈಗೆತ್ತಿಕೊಳ್ಳುವ ಹದಕ್ಕೆ ಬಂದಿಲ್ಲ ಎಂದು ಬದಿಗಿಡುತ್ತಾರೆ. ನನಗೆ ಈ ವಿಧಾನದಲ್ಲಿ ಬಹಳ ಹಿಡಿಸಿದ್ದು ಇದೇ. ಗೊತ್ತಿಲ್ಲ ಎನ್ನುವುದಕ್ಕೂ ಇಲ್ಲೊಂದು ಬಣ್ಣವಿದೆ, ಮರ್ಯಾದೆಯಿದೆ.

ಸಾಫ್ಟ್‌ವೇರ್‌ನವರು ಒಪ್ಪಲಿ ಬಿಡಲಿ, ಈ ವಿದ್ಯೆಯ ದಾಯಾದಿ ನಮ್ಮಲ್ಲೇ ಇತ್ತು. 1980ರ ದಶಕದ ಕೊನೆಯಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಸಹಭಾಗಿ ಸಮೀಕ್ಷೆ, ಅಂದರೆ ಪಿಆರ್‌ಎ, ನಡೆಸತೊಡಗಿತು. ಊರಿನವರೇ ರಂಗೋಲಿ ಪುಡಿ, ಕಲ್ಲು, ಕಾಳು, ಎಲೆ ಇಟ್ಟು ನೆಲದ ಮೇಲೆ ತಮ್ಮ ಊರಿನ ನಕ್ಷೆ ಬಿಡಿಸಿದರು. ಈ ಪದ್ಧತಿಯನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಮುಖ್ಯರಾದ ರಾಬರ್ಟ್ ಚೇಂಬರ್ಸ್ ಒತ್ತಿ ಹೇಳಿದ ಮಾತು, ಕೋಲನ್ನು ಊರಿನವರ ಕೈಗೆ ಕೊಡಬೇಕು ಎಂಬುದು. ಕಾಗದದ ಮೇಲೆ ಪೆನ್ನು ಹಿಡಿದವನೇ ಯಜಮಾನ. ನೆಲದ ಮೇಲೆ ಯಾರು ಬೇಕಾದರೂ ಬಗ್ಗಿ ಒಂದು ಕಲ್ಲನ್ನು ಆಚೆ ಸರಿಸಬಹುದು. ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಕಾಡು ತಿರುಗಿ ತಮ್ಮ ಕುಲಗಳ ಪ್ರದೇಶಗಳಾದ ಯೆಲ್ಲೆಗಳನ್ನು, ದೇವರು, ಮಾರಮ್ಮ, ಕಲ್ಲುಗುಡಿ, ಅಬ್ಬಿಗಳ ತಾಣಗಳನ್ನು ನಕ್ಷೆಗೆ ತಂದದ್ದೂ ಹೀಗೆಯೇ: ಹಿರಿಯರು ನಡೆದು ತೋರಿಸಿದರು, ಜಿಪಿಎಸ್ ಅವರ ಹಿಂದೆ ಹೋಯಿತು.

ಸಾಫ್ಟ್‌ವೇರ್ ತಂಡಗಳೊಳಗಿನ ಯಜಮಾನಿಕೆಯ ತೊಡಕನ್ನು 2002ರಲ್ಲಿ ಜೇಮ್ಸ್ ಗ್ರೆನಿಂಗ್ ಇಸ್ಪೀಟೆಲೆಯಂಥ ಕಾರ್ಡುಗಳಿಂದ ಬಿಡಿಸಿದರು. ಹೆಸರು ‘ಪ್ಲಾನಿಂಗ್ ಪೋಕರ್’. ಕೆಲಸ ಎಷ್ಟು ದೊಡ್ಡದೆಂದು ಎಲ್ಲರೂ ಒಂದೊಂದು ಸಂಖ್ಯೆ ಆರಿಸಿ, ಕವುಚಿಟ್ಟು, ಒಟ್ಟಿಗೇ ತಿರುಗಿಸುತ್ತಾರೆ. ದೊಡ್ಡವರು ಮೊದಲು ಬಾಯಿಬಿಟ್ಟರೆ ಉಳಿದವರು ಹೂಂಗುಟ್ಟುವ ಚಾಳಿ ನಮ್ಮದು. ಇಲ್ಲಿ ಅದಕ್ಕೆ ಎಡೆಯಿಲ್ಲ. ಒಬ್ಬರ ಕಾರ್ಡು 3, ಇನ್ನೊಬ್ಬರದು 13 ಆದರೆ ಇಬ್ಬರೂ ಕಾರಣ ಹೇಳಬೇಕು. ಸಂಖ್ಯೆಗಿಂತ ಆ ಕಾರಣಗಳೇ ಬೆಲೆಯುಳ್ಳವು. ಸಂಖ್ಯೆಯನ್ನು ಮಾತ್ರ ಎತ್ತಿಕೊಂಡು ಗಡುವು ಹಾಕುವ ಮ್ಯಾನೇಜರುಗಳು ಆಟವನ್ನು ಕೆಡಿಸುತ್ತಾರೆ.

ಕೊನೆಗೆ ಡೈರಿಯ ನಕ್ಷೆಗೆ ಅಡ್ಡಲಾಗಿ ಗೆರೆ ಎಳೆಯುವುದು. ಗೆರೆಯ ಮೇಲಿರುವುದು ಮೊದಲ ಕಂತು: ಅಳತೆ, ಪರೀಕ್ಷೆ, ರಸೀದಿ, ಬಟವಾಡೆ, ಒಂದೊಂದರಲ್ಲೂ ತೀರಾ ಬೇಕಾದಷ್ಟು ಮಾತ್ರ. ಮೆಸೇಜು, ಪ್ರೋತ್ಸಾಹಧನದ ವಿವರ ಎಲ್ಲ ಕೆಳಗೆ. ಈ ಗೆರೆ ಎಳೆಯುವಾಗಲೇ ಜಗಳ ಜಾಸ್ತಿ. ಹಾಗಾಗಿ ಕೂಡುವ ಹೊತ್ತನ್ನು ನೋಡಿ ಆರಿಸಬೇಕು. ಬೆಳಗಿನ ಹಾಲು ಕಳಿಸಿದ ಮೇಲೆ ಕೂತು, ಸಂಜೆ ಕರೆಯುವುದರೊಳಗೆ ಎದ್ದುಬಿಡಬೇಕು. ತಡವಾದರೆ ಹಾಲು ಹಾಕುವ ಹೆಂಗಸರು ಎದ್ದು ಮನೆಗೆ ಹೋಗುತ್ತಾರೆ, ಸೆಕ್ರೆಟರಿ ಡೈರಿ ಬಾಗಿಲು ತೆಗೆಯಲು ಹೋಗುತ್ತಾರೆ, ಗೋಡೆಯ ಮುಂದೆ ಬೆಂಗಳೂರಿನವರಷ್ಟೇ ಉಳಿಯುತ್ತಾರೆ.