ಮುಟ್ಟು ನಿಂತ ಮೇಲೆ ಮಂಡಿ ಯಾಕೆ ಹಿಡಿಯುತ್ತೆ?

ನಮ್ಮ ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿಯ ಸನ್ನಿಧಿಗೆ ಮಕ್ಕಳ ಭಾಗ್ಯ ಬೇಡಿ ಬರುವ ಹೆಣ್ಣುಮಕ್ಕಳು ಎಷ್ಟೋ ಮಂದಿ. ಬಸಿರು, ಬಾಣಂತನ ಎಂದರೆ ಮನೆಮಂದಿಯೆಲ್ಲ ಸುತ್ತ ನಿಂತು ಉಪಚರಿಸುತ್ತಾರೆ. ಅದೇ ಹೆಂಗಸಿಗೆ ನಲವತ್ತೈದು ದಾಟಿ, ಮುಟ್ಟು ಹಿಂದುಮುಂದಾಗಿ, ಕೊನೆಗೆ ನಿಂತೇ ಹೋದಾಗ? "ಸದ್ಯ, ತಾಪತ್ರಯ ತಪ್ಪಿತು" ಅಂತ ಸುಮ್ಮನಾಗಿಬಿಡುತ್ತೇವೆ. ಆಮೇಲೆ ಬೆಳಿಗ್ಗೆ ಎದ್ದರೆ ಬೆರಳು ಮಡಚೋಕಾಗಲ್ಲ, ರಂಗೋಲಿ ಹಾಕಲು ಕೂತರೆ ಏಳೋಕಾಗಲ್ಲ. ಆಗಲೂ "ವಯಸ್ಸಾಯ್ತಲ್ಲ, ವಾಯು ಕಣಮ್ಮ" ಎಂದು ಎಣ್ಣೆ ತಿಕ್ಕಿಕೊಂಡು ಒಲೆ ಮುಂದೆ ನಿಲ್ಲುತ್ತೇವೆ. ಸೋದರಿಯರೇ, ಮುಟ್ಟು ನಿಲ್ಲುವುದಕ್ಕೂ ಮಂಡಿ ಹಿಡಿಯುವುದಕ್ಕೂ ನಂಟುಂಟು. ಅದನ್ನು ತಿಳಿದುಕೊಂಡರೆ ನೋವೂ ಕಡಿಮೆ, ಮೋಸ ಹೋಗುವುದೂ ಕಡಿಮೆ.

ಕೀಲಿಗೂ ಬೇಕು ಹಾರ್ಮೋನು

ನಮ್ಮ ಅಂಡಾಶಯದಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನು ತಯಾರಾಗುತ್ತದೆ. ಅದರ ಕೆಲಸ ಗರ್ಭಕೋಶಕ್ಕೆ ಮಾತ್ರ ಎಂದುಕೊಳ್ಳಬೇಡಿ. ಮೂಳೆ ಸವೆಯದಂತೆ ತಡೆಯುವುದರಲ್ಲಿ ಅದರ ಪಾಲು ದೊಡ್ಡದು. ಕೀಲಿನ ಮೆತ್ತನೆಯ ಮೃದ್ವಸ್ಥಿಗೂ ಅದರ ಆಸರೆ ಉಂಟು. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ವಯಸ್ಸು ಸರಾಸರಿ 46-47. ಆಗ ಈಸ್ಟ್ರೋಜೆನ್ ಇಳಿಯುತ್ತದೆ, ಕೀಲುಗಳು ಗೊಣಗಲು ಶುರುಮಾಡುತ್ತವೆ.

ಇನ್ನೊಂದು ಸಂಗತಿ ಕೇಳಿ. ರಕ್ತದಲ್ಲಿರುವ ಯೂರಿಕ್ ಆಮ್ಲವನ್ನು ಕಿಡ್ನಿಯ ಮೂಲಕ ಹೊರಹಾಕಲು ಈಸ್ಟ್ರೋಜೆನ್ ನೆರವಾಗುತ್ತದೆ. ಆದ್ದರಿಂದಲೇ ಮುಟ್ಟಾಗುವ ವಯಸ್ಸಿನ ಹೆಂಗಸರಿಗೆ ಗೌಟ್ ಎಂಬ ಕೀಲುಬೇನೆ ಬರುವುದು ಅಪರೂಪ. ಮುಟ್ಟು ನಿಂತ ಮೇಲೆ ಆ ರಕ್ಷೆ ತಪ್ಪುತ್ತದೆ. ರಾತ್ರೋರಾತ್ರಿ ಕಾಲ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ಪ್ರಾಣ ಹೋಗುವಂತಾದರೆ ಯೂರಿಕ್ ಆಮ್ಲ ಪರೀಕ್ಷೆ ಮಾಡಿಸಬೇಕು.

ಮೈಯೊಳಗಿನ ಅಡುಗೆಮನೆ

"ಮೈಯೊಳಗಿನ ನಂಜು ತೆಗೀಬೇಕು" ಎನ್ನುವ ಮಾತು ಈಗ ಎಲ್ಲೆಲ್ಲೂ ಕೇಳುತ್ತದೆ. ಆ ಕೆಲಸವನ್ನು ದೇವರು ಯಕೃತ್ತಿಗೂ ಕಿಡ್ನಿಗೂ ವಹಿಸಿಬಿಟ್ಟಿದ್ದಾನೆ ನೋಡಿ. ಕೆಲಸ ಮುಗಿದ ಹಾರ್ಮೋನನ್ನು ಯಕೃತ್ತು ನೀರಿನಲ್ಲಿ ಕರಗುವಂತೆ ಮಾರ್ಪಡಿಸುತ್ತದೆ. ಒಂದಷ್ಟು ಮೂತ್ರದಲ್ಲಿ ಹೋಗುತ್ತದೆ, ಇನ್ನಷ್ಟು ಪಿತ್ತರಸದ ಜೊತೆ ಕರುಳಿಗೆ ಬಂದು ಮಲದಲ್ಲಿ ಹೋಗುತ್ತದೆ. ಸೊಪ್ಪು, ಕಾಳು, ರಾಗಿಯ ನಾರು ಹೊಟ್ಟೆಗೆ ಬಿದ್ದರೆ ಕರುಳಿಗೆ ಅದು ಸಲೀಸು.

ಈ ಅಂಗಗಳು ಬರೀ ಕಸ ಗುಡಿಸುವುದಿಲ್ಲ, ಅಡುಗೆಯನ್ನೂ ಮಾಡುತ್ತವೆ! ಬಿಸಿಲು ಬಿದ್ದ ಚರ್ಮದಲ್ಲಿ ಹುಟ್ಟುವ ವಿಟಮಿನ್ ಡಿ ಮೊದಲು ಯಕೃತ್ತಿನಲ್ಲಿ, ಆಮೇಲೆ ಕಿಡ್ನಿಯಲ್ಲಿ ಪಾಕಗೊಂಡು ಹಾರ್ಮೋನಾಗುತ್ತದೆ. ನಾವು ತಿಂದ ಸುಣ್ಣಾಂಶ ಮೂಳೆಗೆ ಸೇರುವುದು ಅದರಿಂದಲೇ. ಹಾಗಾಗಿ ಯಕೃತ್ತು, ಕಿಡ್ನಿ ಕೆಡಿಸಿಕೊಂಡರೆ ಮೂಳೆ, ಕೀಲು ಎರಡಕ್ಕೂ ಪೆಟ್ಟು.

ಒಂದು ಸ್ವಾರಸ್ಯದ ಕಥೆ

ಕೈಬೆರಳು, ಮಣಿಕಟ್ಟು ಊದುವ ರುಮಟಾಯ್ಡ್ ಸಂಧಿವಾತ ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ಫಿಲಿಪ್ ಹೆಂಚ್ 1929ರಲ್ಲಿ ಒಂದು ವಿಚಿತ್ರ ಗಮನಿಸಿದರು. ಈ ಬೇನೆಯ ರೋಗಿಗೆ ಕಾಮಾಲೆ ಬಂದಾಗ ಕೀಲುನೋವು ತಗ್ಗಿತ್ತು! ಬಸುರಿಯರಿಗೂ ಹಾಗೇ ನೋವು ಇಳಿಯುತ್ತಿತ್ತು. ಹಾಗಾದರೆ ಮದ್ದು ದೇಹದೊಳಗೇ ಇರಬೇಕು ಎಂದು ಅವರು ಹುಡುಕಾಟಕ್ಕಿಳಿದರು. ಕಿಡ್ನಿಯ ಮೇಲೆ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಯ ಕಾರ್ಟಿಸೋನ್ ಹಾರ್ಮೋನನ್ನು 1948ರಲ್ಲಿ 29 ವರ್ಷದ ಒಬ್ಬಾಕೆಗೆ ಕೊಟ್ಟಾಗ, ನಡೆಯಲು ಕಷ್ಟಪಡುತ್ತಿದ್ದವಳು ಕೆಲವೇ ದಿನದಲ್ಲಿ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೀನ್ ಮೂವರಿಗೂ ನೊಬೆಲ್ ಬಂತು.

ಆದರೆ ದಿನಗಟ್ಟಲೆ ತೆಗೆದುಕೊಂಡವರ ಮುಖ ಚಂದ್ರನಂತೆ ಊದಿತು, ಸಕ್ಕರೆ ಏರಿತು, ಮೂಳೆ ಟೊಳ್ಳಾಯಿತು. ಇದೇ ಸ್ಟೀರಾಯ್ಡ್.

ಪೊಟ್ಟಣದ ಪುಡಿ, ಜೋಕೆ!

ಈ ಕಥೆ ಯಾಕೆ ಹೇಳಿದೆನೆಂದರೆ, ಸಂತೆಯಲ್ಲೋ ಮನೆ ಬಾಗಿಲಲ್ಲೋ "ನಂಜು ತೆಗೆದು ಮಂಡಿ ಸರಿಮಾಡುತ್ತೆ" ಎಂದು ಹೆಸರು, ವಿವರ ಇಲ್ಲದ ಪುಡಿ, ಗುಳಿಗೆ ಮಾರುವವರಿದ್ದಾರೆ. ನಾಲ್ಕು ದಿನಕ್ಕೇ ನೋವು ಮಾಯವಾದರೆ ಹಿಗ್ಗಬೇಡಿ, ಅನುಮಾನಪಡಿ. ಗಿಡಮೂಲಿಕೆ ಎಂದು ಮಾರಿದ ಕೀಲುಮದ್ದಿನಲ್ಲಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿದೆ. ತಿಂಗಳುಗಟ್ಟಲೆ ತಿಂದಿದ್ದೀರಾ? ಹಾಗಾದರೆ ಹೆದರಿ ದಿಢೀರನೆ ನಿಲ್ಲಿಸಲೂಬೇಡಿ. ಅಷ್ಟು ಹೊತ್ತಿಗೆ ಅಡ್ರಿನಲ್ ಗ್ರಂಥಿ ಸೋಮಾರಿಯಾಗಿರುತ್ತದೆ, ಒಮ್ಮೆಲೇ ಬಿಟ್ಟರೆ ಜೀವಕ್ಕೇ ಅಪಾಯ. ಪೊಟ್ಟಣ ಸಮೇತ ಬೇಗ ಡಾಕ್ಟರ ಬಳಿ ಹೋಗಿ. ಹಾಗೆಯೇ ಅಂಗಡಿಯ ನೋವಿನ ಮಾತ್ರೆಯನ್ನು ದಿನವೂ ನುಂಗಿದರೆ ಕಿಡ್ನಿಗೆ ಕೇಡು.

ಮನೆಯಲ್ಲೇ ಆಗುವುದು

* 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ನಮ್ಮ ವಯಸ್ಸಿಗೆ ದಿನಕ್ಕೆ ಬೇಕಾದದ್ದು 1,000ದಿಂದ 1,200. ಒಂದು ಮುದ್ದೆ, ನುಗ್ಗೆಸೊಪ್ಪಿನ ಸಾರು, ಒಂದು ಲೋಟ ಹಾಲು, ಊಟಕ್ಕೆ ಮೊಸರು ಇದ್ದರೆ ಬಹುಪಾಲು ತುಂಬುತ್ತದೆ. ಗಂಡ ಮಕ್ಕಳಿಗೆ ಬಡಿಸಿ, ತಳದ ಮಜ್ಜಿಗೆ ನೀರು ನಮಗೆ ಎನ್ನುವ ಪದ್ಧತಿ ಸಾಕು.
* ಹಪ್ಪಳ ಒಣಗಿಸುವ ನೆಪದಲ್ಲಾದರೂ ದಿನಕ್ಕೆ ಸ್ವಲ್ಪ ಹೊತ್ತು ಮೈಗೆ ಬಿಸಿಲು ಬೀಳಲಿ.
* ಮೈಭಾರ ಹೆಚ್ಚಿದ್ದರೆ ಇಳಿಸಿ. ಒಂದು ಕಿಲೋ ಇಳಿದರೆ ಹೆಜ್ಜೆ ಹೆಜ್ಜೆಗೂ ಮಂಡಿಯ ಮೇಲಿನ ನಾಲ್ಕು ಕಿಲೋ ಹೊರೆ ಇಳಿದಂತೆ.
* ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನೇರ ಚಾಚಿ ಐದು ಎಣಿಸಿ ಇಳಿಸಿ. ಒಂದೊಂದು ಕಾಲಿಗೆ ಹತ್ತು ಸಲ. ತೊಡೆಯ ಸ್ನಾಯು ಬಲವಾದರೆ ಮಂಡಿಗೆ ಆಸರೆ.
* ಮಂಡಿ ನೋಯುವಾಗ ಈಳಿಗೆಮಣೆ ಬದಲು ಮೇಜಿನ ಮೇಲೆ ಚಾಕುವಿನಲ್ಲಿ ತರಕಾರಿ ಹೆಚ್ಚಿ.

ಯಾವಾಗ ಡಾಕ್ಟರು?

ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾದರೆ ಸಾಮಾನ್ಯವಾಗಿ ಅದು ಸವೆತದ ನೋವು. ಒಂದು ಗಂಟೆ ಮೀರಿದರೆ, ಎರಡೂ ಕೈಯ ಬೆರಳು ಊದಿದರೆ ತಡಮಾಡಬೇಡಿ. ರುಮಟಾಯ್ಡಿಗೆ ಮೊದಲ ತಿಂಗಳುಗಳಲ್ಲೇ ಮದ್ದು ಶುರುವಾದರೆ ಬೆರಳು ಸೊಟ್ಟಗಾಗುವುದನ್ನು ಬಹಳಮಟ್ಟಿಗೆ ತಡೆಯಬಹುದು. ಸುಸ್ತು, ಮಲಬದ್ಧತೆ, ತೂಕ ಏರಿಕೆ ಜೊತೆಗಿದ್ದರೆ ಥೈರಾಯ್ಡ್ ಪರೀಕ್ಷೆಯೂ ಬೇಕು. ಆ ಹಾರ್ಮೋನು ತಗ್ಗಿದರೂ ಕೀಲು ನೋಯುತ್ತದೆ. ನಂಜನಗೂಡು, ತಿ. ನರಸೀಪುರ ಎರಡು ಕಡೆಯೂ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ. ಡಾಕ್ಟರ ಮುಂದೆ ಸಂಕೋಚ ಬಿಟ್ಟು, ಮುಟ್ಟು ನಿಂತು ಎಷ್ಟು ದಿನವಾಯಿತು ಎಂಬುದನ್ನು ಮೊದಲೇ ಹೇಳಿ.

ಮನೆಯವರ ಜ್ವರಕ್ಕೆ ಓಡುವ ನಾವು ನಮ್ಮ ಮಂಡಿಗಾಗಿ ಒಂದು ಬೆಳಗ್ಗೆ ಬಿಡುವು ಮಾಡಿಕೊಂಡರೆ ಒಲೆಯೇನೂ ಆರಿಹೋಗುವುದಿಲ್ಲ, ಅಲ್ಲವೇ?