ಸೋಮವಾರದ ನೀಲಿ ಗುಳಿಗೆ

ಧಾರವಾಡದಿಂದ ಅವ್ವ ಫೋನ್ ಮಾಡಿದಾಗಲೆಲ್ಲ ಮೊದಲು ಕೇಳುವ ಮಾತು ಒಂದೇ: ‘ಕೂಸು ಸರಿಯಾಗಿ ಉಣ್ತೈತಿ ಇಲ್ಲೋ?’ ‘ಉಣ್ತಾಳವ್ವ’ ಎನ್ನುತ್ತ ನಾನು ಲ್ಯಾಪ್‌ಟಾಪ್ ಕಡೆಗೇ ನೋಡುತ್ತಿರುತ್ತೇನೆ. ಪುಣೆಗೆ ಬಂದ ಈ ಹದಿನಾಲ್ಕು ವರ್ಷವೂ ಹೀಗೆಯೇ ನಡೆದಿತ್ತು. ಕಳೆದ ಜುಲೈಯಲ್ಲಿ ಆ ಕೂಸು, ಈಗ 15 ವರ್ಷದ ಹುಡುಗಿ, ಶಾಲೆಯ ಪ್ರಾರ್ಥನೆ ವೇಳೆ ತಲೆಸುತ್ತಿ ಬಿದ್ದಳು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.9. ಅವಳ ವಯಸ್ಸಿಗೆ ಕನಿಷ್ಠ 12 ಇರಬೇಕಿತ್ತು.

ದೊಡ್ಡ ಖಾಸಗಿ ಶಾಲೆ, ಫ್ರಿಜ್ ತುಂಬ ಹಣ್ಣು, ಇಬ್ಬರಿಗೂ ಕೈತುಂಬ ಸಂಬಳ. ಇಂಥ ಮನೆಯಲ್ಲಿ ರಕ್ತಹೀನತೆಯೇ ಎಂದು ನನಗೆ ಅವಮಾನವೇ ಆಯಿತು. ಮನೆಗೆಲಸಕ್ಕೆ ಬರುವ, ವಿಜಯಪುರದ ಇಂಡಿ ಕಡೆಯ ಹೆಣ್ಣುಮಗಳು ವಿಷಯ ಕೇಳಿ ಹೇಳಿದಳು: ‘ಬಾಯಾರ, ನಮ್ಮ ಹುಡುಗಿಗೆ ಸಾಲ್ಯಾಗ ಸೋಮವಾರಕ್ಕೊಮ್ಮೆ ನೀಲಿ ಗುಳಗಿ ಕೊಡ್ತಾರ್ರಿ. ನಿಮ್ಮ ಸಾಲ್ಯಾಗ ಕೊಡಂಗಿಲ್ಲೇನ್ರಿ?’

ಕೊಡುವುದಿಲ್ಲ. ವಾರಕ್ಕೊಮ್ಮೆ ಕಬ್ಬಿಣಾಂಶದ ಗುಳಿಗೆ ನೀಡುವ ಈ ಯೋಜನೆ ಇರುವುದು ಮುಖ್ಯವಾಗಿ ಸರ್ಕಾರಿ, ಅನುದಾನಿತ ಶಾಲೆಗಳಿಗೆ. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆ ಅಂಗನವಾಡಿಯಲ್ಲಿ ಸಿಗುತ್ತದೆ. ಒಂದು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, ಜೊತೆಗೆ ಫೋಲಿಕ್ ಆಸಿಡ್. ವರ್ಷಕ್ಕೆ ಎರಡು ಸಲ ಜಂತುಹುಳುವಿನ ಮಾತ್ರೆ. ನಮ್ಮಂಥವರ ಮಕ್ಕಳು ಹೇಗೂ ಚೆನ್ನಾಗಿರುತ್ತಾರೆ ಎಂದು ಸರ್ಕಾರವೂ ನಂಬಿದೆ, ನಾವೂ ನಂಬಿದ್ದೇವೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬೇರೆಯೇ ಹೇಳುತ್ತದೆ. 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಶೇ 59.1ರಷ್ಟು ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಯಲ್ಲಿ ಇದು ಶೇ 54.1 ಇತ್ತು. ಹುಡುಗರಲ್ಲೂ ಶೇ 31.1.

ಅದೇ ಹೆಣ್ಣುಮಗಳೇ ಸರ್ಕಾರಿ ಆಸ್ಪತ್ರೆಯ ‘ಮೈತ್ರಿ’ ಕ್ಲಿನಿಕ್‌ನ ದಾರಿ ತೋರಿಸಿದಳು. 2014ರ ಜನವರಿ 7ರಂದು ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ ನಡೆಯುವ ಕ್ಲಿನಿಕ್ ಇದು. ನಮ್ಮ ಕರ್ನಾಟಕದಲ್ಲಿ ಇದರ ಹೆಸರು ‘ಸ್ನೇಹ’. 10ರಿಂದ 19 ವರ್ಷದ ಎಲ್ಲರಿಗೂ ಇಲ್ಲಿ ಸಲಹೆ ಉಚಿತ. ಪೋಷಣೆ, ಸಂತಾನೋತ್ಪತ್ತಿ ಆರೋಗ್ಯ, ಮಾನಸಿಕ ಆರೋಗ್ಯ, ವ್ಯಸನ, ಹಿಂಸೆ ಮತ್ತು ಗಾಯ, ಸಕ್ಕರೆ ಕಾಯಿಲೆಯಂಥ ಅಸಾಂಕ್ರಾಮಿಕ ರೋಗಗಳು – ಈ ಆರೂ ಕಾರ್ಯಕ್ರಮದ ವ್ಯಾಪ್ತಿಗೆ ಬರುತ್ತವೆ.

ಸರ್ಕಾರಿ ಆಸ್ಪತ್ರೆ ಎಂದರೆ ಮೂಗು ಮುರಿಯುವ ನಾನು ಅರೆಮನಸ್ಸಿನಿಂದಲೇ ಹೋದೆ. ಆಪ್ತ ಸಮಾಲೋಚಕಿ ಮರಾಠಿಯಲ್ಲಿ ನಯವಾಗಿಯೇ ಹೇಳಿದರು, ‘ನೀವು ಹೊರಗೆ ಕೂತಿರಿ.’ ಇಪ್ಪತ್ತು ನಿಮಿಷ ಬೆಂಚಿನ ಮೇಲೆ ಕೂತೆ. ಅದುವರೆಗೆ ನಾವು ತೋರಿಸಿದ್ದ ಖಾಸಗಿ ಆಸ್ಪತ್ರೆಯಲ್ಲಿ ಪ್ರಶ್ನೆಗಳೆಲ್ಲ ನನಗೇ, ಉತ್ತರಗಳೂ ನನ್ನವೇ. ಟಾನಿಕ್ ಬರೆದುಕೊಟ್ಟು ಕಳಿಸಿದ್ದರು. ಇಲ್ಲಿ ಮಾತನಾಡಿದ್ದು ಮಗಳು. ಆಮೇಲೆ ಅವಳ ಒಪ್ಪಿಗೆ ಕೇಳಿಯೇ ನನಗೆ ತಿಳಿಸಿದರು: ಹತ್ತು ತಿಂಗಳಿಂದ ಪ್ರತಿ ಸಲ ಎಂಟೊಂಬತ್ತು ದಿನ ಮುಟ್ಟಿನ ಸ್ರಾವ, ಅದೂ ವಿಪರೀತ. ಜೊತೆಗೆ ದಪ್ಪಗಾಗುವ ಭಯಕ್ಕೆ ಶಾಲೆಯ ಡಬ್ಬಿಯನ್ನು ಗೆಳತಿಯರಿಗೆ ಹಂಚಿಬಿಡುತ್ತಿದ್ದಳು. ‘ನನಗ್ಯಾಕ ಹೇಳಲಿಲ್ಲ?’ ಎಂದೆ. ‘ನೀ ಯಾವಾಗ್ಲೂ ಮೀಟಿಂಗ್‌ನ್ಯಾಗ ಇರ್ತಿ’ ಎಂದಳು.

ಸ್ತ್ರೀರೋಗ ತಜ್ಞರ ಚಿಕಿತ್ಸೆ, ಅವರು ಹೇಳಿದ ಪ್ರಮಾಣದಲ್ಲಿ ಕಬ್ಬಿಣಾಂಶದ ಗುಳಿಗೆ, ಊಟದ ಜೊತೆ ಚಹಾ ಬಂದ್, ಹುರುಳಿ, ನುಗ್ಗೆಸೊಪ್ಪಿನ ಪಲ್ಲೆಗೆ ಲಿಂಬು. ಮೂರು ತಿಂಗಳಲ್ಲಿ 11.4ಕ್ಕೆ ಏರಿದೆ.

ಎಲ್ಲವೂ ಚೆಂದ ಎನ್ನಲಾರೆ. ನಾವು ಹೋದ ಕ್ಲಿನಿಕ್‌ನ ಫಲಕ ಮೂಲೆಯಲ್ಲಿತ್ತು. ತೆರೆದಿರುವುದು ಶಾಲೆಯ ಹೊತ್ತಿನಲ್ಲೇ, ಹೀಗಾಗಿ ಪ್ರತಿ ಭೇಟಿಗೂ ರಜೆ ಹಾಕಬೇಕಾಯಿತು. ನಾವು ಹೋದ ನಾಲ್ಕು ಸಲವೂ ಅಲ್ಲಿ ಒಬ್ಬ ಹುಡುಗನನ್ನೂ ನೋಡಲಿಲ್ಲ. 2011ರ ಜನಗಣತಿಯಂತೆ ಈ ವಯಸ್ಸಿನವರು ದೇಶದಲ್ಲಿ ಸುಮಾರು 25 ಕೋಟಿ. ಅವರ ಹೆಸರಿನಲ್ಲಿ ಇರುವ ಕೋಣೆಗೆ ಸಂಜೆ ಎರಡು ತಾಸು ದೀಪ ಹಚ್ಚಿದರೆ, ಖಾಸಗಿ ಶಾಲೆಗಳಿಗೂ ಆ ಗುಳಿಗೆ ಮುಟ್ಟಿದರೆ ದೊಡ್ಡ ಉಪಕಾರವಾದೀತು.

ಹೊರನಾಡಿನ ಗೆಳೆಯರೇ, ನೀವಿರುವ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಇಂಥ ಕೋಣೆ ಎಲ್ಲಿದೆ ಎಂದು ಒಮ್ಮೆ ವಿಚಾರಿಸಿಡಿ. ಮಕ್ಕಳ ಮನಸ್ಸು ಮಂಕಾಗಿದೆ ಎನಿಸಿದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ ದಿನದ 24 ತಾಸೂ ಉಚಿತ. ಅದರ ಭಾಷೆಗಳಲ್ಲಿ ಕನ್ನಡವೂ ಇದೆ.

ಮೊನ್ನೆ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು, ‘ನೀನೂ ಎಸ್ಸೆಸ್ಸೆಲ್ಸಿಯೊಳಗ ಹಂಗ ಬೆಳ್ಳಗ ಆಗಿದ್ದಿ. ನೀನೂ ಏನೂ ಹೇಳಿದ್ದಿಲ್ಲ. ನಾನೂ ಕೇಳಿದ್ದಿಲ್ಲ.’