ಕಡ್ಡಿ ಫುಲ್ ಇದೆ, ಆದರೆ ಆ ಸಿಗ್ನಲ್ ನಿಮ್ಮದೇನಾ?

ಹೋದ ವರ್ಷ ದಾಳಿಂಬೆ ಕೊಯ್ಲಿಗೆ ಇನ್ನು ಹದಿನೈದು ದಿನ ಇತ್ತು. ಹಣ್ಣು ಬಣ್ಣ ತಿರುಗಿತ್ತು. ನಮ್ಮ ಹಿರಿಯೂರು ಸೀಮೆಯ ಬಿಸಿಲು ನಿಮಗೆ ಗೊತ್ತೇ ಇದೆ. ಆ ಮೂರು ದಿನವೂ ಫೋನಿನ ಆಪ್‌ನಲ್ಲಿ ಎರಡನೇ ಬ್ಲಾಕಿನ ಮಣ್ಣಿನ ತೇವಾಂಶ 24% ಅಂತ ಹಸಿರು ಬಣ್ಣದಲ್ಲಿ ಕಾಣ್ತಿತ್ತು. ಪಕ್ಕದಲ್ಲಿ ನಾಲ್ಕು ಕಡ್ಡಿ ಸಿಗ್ನಲ್. ತೇವ ಇದೆ ಅಂತ ಡ್ರಿಪ್ ವಾಲ್ವ್ ತೆರೆಯಲೇ ಇಲ್ಲ. ನಾಲ್ಕನೇ ದಿನ ಬೆಳಗ್ಗೆ ಅವ್ವ ತೋಟದಿಂದ ಬಂದವಳೇ, "ಏನಪ್ಪಾ, ಅಲ್ಲಿ ಎಲೆ ಮುದುರ್ಕೊಂಡವೆ, ನೀನು ಫೋನ್ ನೋಡ್ಕೊಂಡು ಕೂತಿದೀಯಾ?" ಅಂದಳು.

ಹೋಗಿ ಮಣ್ಣು ಕೆದಕಿದರೆ ಗೇಣುದ್ದ ಆಳಕ್ಕೂ ಪುಡಿಪುಡಿ. ಗಾಬರಿಯಲ್ಲಿ ಒಂದೇ ಸಲ ನೀರು ಜಾಸ್ತಿ ಬಿಟ್ಟೆ. ತೋಟಗಾರಿಕೆ ಓದಿದವನು ಮಾಡಬಾರದ ತಪ್ಪು ಅದು. ಒಣಗಿದ ಗಿಡಕ್ಕೆ ದಿಢೀರ್ ನೀರು ಕೊಟ್ಟರೆ ದಾಳಿಂಬೆ ಸಿಪ್ಪೆ ಸೀಳುತ್ತೆ. ಸೀಳಿತು. ಆ ಬ್ಲಾಕಿನ ಒಳ್ಳೊಳ್ಳೆ ಹಣ್ಣು ಜ್ಯೂಸ್ ರೇಟಿಗೆ ಹೋಯ್ತು.

ಆಗಿದ್ದಿಷ್ಟು. ಗಿಡದ ಬುಡದ ಸೆನ್ಸರ್ ಪೆಟ್ಟಿಗೆಯ ಆಂಟೆನಾ ವೈರು ವೀಡರ್ ಹೊಡೆಯುವಾಗ ಕಿತ್ತುಹೋಗಿತ್ತು. ಅರ್ಧ ಗಂಟೆಗೊಮ್ಮೆ ಬರಬೇಕಾದ ಸಂದೇಶ ಪಂಪ್‌ಹೌಸ್‌ನ ಗೇಟ್‌ವೇಗೆ ಬರ್ತಿರಲಿಲ್ಲ. ಆದರೆ ಆ ಕಿಟ್‌ನ ಸಾಫ್ಟ್‌ವೇರ್ ಸಂದೇಶ ಬರಬೇಕಾದ ಹೊತ್ತಿಗೆ ಚಾನೆಲ್‌ನಲ್ಲಿ ಎಷ್ಟು ರೇಡಿಯೋ ಶಕ್ತಿ ಇದೆ ಅಂತ ಅಳೆದು, ಅದನ್ನೇ ಕಡ್ಡಿಯಾಗಿ ತೋರಿಸ್ತಿತ್ತು. ಅದು ಅಕ್ಕಪಕ್ಕದ ಯಾರದೋ ಯಂತ್ರದ ಶಕ್ತಿ. ತೇವಾಂಶದ ಜಾಗದಲ್ಲಿ ಹಳೇ 24% ಹಾಗೇ ಉಳಿದಿತ್ತು.

ಇಂಥ ಕಿಟ್‌ಗಳು ಸಾಮಾನ್ಯವಾಗಿ ಬಳಸೋದು ಲೋರಾ ಎಂಬ ರೇಡಿಯೋ. ನಮ್ಮ ದೇಶದಲ್ಲಿ ಇದಕ್ಕೆ 865ರಿಂದ 868 ಮೆಗಾಹರ್ಟ್ಸ್ ತರಂಗಾಂತರ ಇದೆ. ಇದಕ್ಕೆ ಲೈಸೆನ್ಸ್ ಬೇಡ, ಶಕ್ತಿಯ ಮಿತಿಯೊಳಗೆ ಯಾರು ಬೇಕಾದರೂ ಬಳಸಬಹುದು. ವೈಫೈನ 2.4 ಗಿಗಾಹರ್ಟ್ಸ್ ಕೂಡ ಹೀಗೇ. ಮೊಬೈಲ್ ಕಂಪನಿ ಹರಾಜಿನಲ್ಲಿ ಕೊಂಡ ತರಂಗಾಂತರ ಅವರ ಸ್ವಂತ ಬೋರ್‌ವೆಲ್ ಇದ್ದ ಹಾಗೆ. ಇದು ಊರ ಕೆರೆ. (ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಅಮೆರಿಕದ 915 ಮೆಗಾಹರ್ಟ್ಸ್ ಮಾಡ್ಯೂಲ್ ತರಿಸಬೇಡಿ, ಅದು ಇಲ್ಲಿ ಲೈಸೆನ್ಸ್‌ಮುಕ್ತ ಅಲ್ಲ.)

ಇದೇ ಸಮಸ್ಯೆ ದೊಡ್ಡವರನ್ನೂ ಕಾಡಿದೆ. ಟವರ್‌ಗಳು ನಿಗದಿತ ಹೊತ್ತಿಗೆ ರೆಫರೆನ್ಸ್ ಸಿಗ್ನಲ್ ಕಳಿಸ್ತವೆ, ಅಂದರೆ ಎರಡೂ ಕಡೆಗೆ ಮೊದಲೇ ಗೊತ್ತಿರುವ ಗುರುತಿನ ಸಿಗ್ನಲ್. ಫೋನು ಅದನ್ನು ಅಳೆದು ಲಿಂಕ್ ಹೇಗಿದೆ ಅಂತ ಹೇಳುತ್ತೆ. 2016ರಲ್ಲಿ 4ಜಿಯನ್ನೂ, 2020ರಲ್ಲಿ 5ಜಿಯನ್ನೂ ಲೈಸೆನ್ಸ್‌ಮುಕ್ತ ತರಂಗಾಂತರಕ್ಕೆ ತರುವ ನಿಯಮಗಳು ಸಿದ್ಧವಾದವು. ಅಲ್ಲಿ ಟವರ್ ಮೊದಲು ಕಿವಿಗೊಟ್ಟು ಕೇಳಬೇಕು, ಬೇರೆಯವರು ಮಾತಾಡ್ತಿದ್ದರೆ ಸುಮ್ಮನಿರಬೇಕು. ಹಾಗಾಗಿ ರೆಫರೆನ್ಸ್ ಸಿಗ್ನಲ್ ಹೇಳಿದ ಹೊತ್ತಿಗೆ ಬಂದೇ ಬರುತ್ತೆ ಅನ್ನುವ ಖಾತ್ರಿ ಇಲ್ಲ. ಬಾರದಿದ್ದಾಗ ಫೋನು ಅಳೆದರೆ ಸಿಗೋದು ಪಕ್ಕದ ಮನೆಯ ವೈಫೈ ಗದ್ದಲ! ಅದಕ್ಕೆ 5ಜಿಯಲ್ಲಿ ಟವರ್ ತಾನು ಚಾನೆಲ್ಲನ್ನು ಎಷ್ಟು ಹೊತ್ತು ಹಿಡಿದಿದ್ದೇನೆ ಅಂತ ಫೋನಿಗೆ ತಿಳಿಸುವ ವ್ಯವಸ್ಥೆ ಇಟ್ಟರು. ರೆಫರೆನ್ಸ್ ಸಿಗ್ನಲ್‌ನ ಸರದಿ ಆ ಅವಧಿಯ ಆಚೆ ಬಿದ್ದರೆ ಫೋನು ಅದನ್ನು ಅಳೆಯೋದನ್ನೇ ಬಿಡುತ್ತೆ.

ಬೆಳಗ್ಗೆ ಆರಕ್ಕೆ ಡೇರಿ ವ್ಯಾನ್ ಬರುತ್ತೆ ಅಂತ ಹೈವೇ ಕಡೆಯಿಂದ ಕೇಳಿದ ಯಾವುದೋ ಹಾರ್ನ್‌ಗೆ ಕ್ಯಾನ್ ಹೊತ್ತು ಓಡ್ತೀರಾ? ನಮ್ಮ ವ್ಯಾನಿನ ಹಾರ್ನ್ ಹೌದಾ ಅಂತ ಕೇಳಿಸ್ಕೊಂಡು ತಾನೇ ಹೊರಡೋದು. ನನ್ನ ಕಿಟ್ ಮಾಡದೇ ಇದ್ದದ್ದು ಇಷ್ಟೇ.

ಲೋರಾ ಕೇಳಿ ಮಾತಾಡೋದು ಕಡಿಮೆ. ಬಹಳಷ್ಟು ನೋಡ್‌ಗಳು ಹೊತ್ತಾಯ್ತು ಅಂದ ಕೂಡಲೇ ಕಳಿಸಿಬಿಡ್ತವೆ, ಇಬ್ಬರದು ಒಟ್ಟಿಗೆ ಬಿದ್ದರೆ ಒಂದೋ ಎರಡೋ ಕೆಡಬಹುದು. ಆದರೆ ಅದಕ್ಕೂ ಗುರುತು ಇದೆ. ಸಂದೇಶದ ಮುಂದೆ ಸಾಮಾನ್ಯವಾಗಿ ಎಂಟು ಸಲ ಒಂದೇ ಥರದ ಸಿಳ್ಳೆಯಂಥ ಸಿಗ್ನಲ್, ಆಮೇಲೆ ಗುರುತಿನ ಪದ, ಕೊನೆಗೆ ಸಂದೇಶ ಕೆಟ್ಟಿದೆಯಾ ಅಂತ ನೋಡುವ ಸಿಆರ್‌ಸಿ. ಇವೆಲ್ಲ ಸರಿಯಿದ್ದರೂ ನೋಡ್‌ನ ಐಡಿ ನೋಡಲೇಬೇಕು. ಪಕ್ಕದ ಹೊಲದವರದ್ದೂ ಅದೇ ಕಂಪನಿ ಕಿಟ್ ಆದರೆ ಗುರುತಿನ ಪದವೂ ಒಂದೇ ಇರಬಹುದು.

ನಿಮ್ಮ ಹತ್ತಿರ ಕಿಟ್ ಇದ್ದರೆ ಇವತ್ತೇ ಆಪ್ ತೆರೆದು ಕೊನೇ ರೀಡಿಂಗ್ ಬಂದ ಸಮಯ ಹುಡುಕಿ. ಶೇಕಡಾವಾರಿಗಿಂತ ಮೊದಲು ನೋಡಬೇಕಾದ್ದು ಅದು. ಆಮೇಲೆ ಪ್ಯಾಕೆಟ್ ಕೌಂಟರ್, ಅದು ಪ್ರತಿ ಸಂದೇಶಕ್ಕೂ ಒಂದೊಂದು ಏರಬೇಕು. ನನ್ನದು 1412ಕ್ಕೆ ನಿಂತು ಮೂರು ದಿನ ಆಗಿತ್ತು. ಆರ್‌ಎಸ್‌ಎಸ್‌ಐ ಒಂದನ್ನೇ ನಂಬಬೇಡಿ, ಅದು ಬರೀ ಶಕ್ತಿಯ ಅಳತೆ, ಯಾರದು ಅಂತ ಹೇಳಲ್ಲ. ಜೊತೆಗೆ ಎಸ್‌ಎನ್‌ಆರ್ ನೋಡಿ, ಅಂದರೆ ಗದ್ದಲಕ್ಕಿಂತ ನಮ್ಮ ಸಿಗ್ನಲ್ ಎಷ್ಟು ಮೇಲಿದೆ ಅಥವಾ ಕೆಳಗಿದೆ ಅಂತ. ಮೈನಸ್ ಕಂಡರೆ ಹೆದರಬೇಡಿ. ಎಸ್‌ಎಫ್ 7 ಸೆಟ್ಟಿಂಗ್‌ನಲ್ಲಿ ಸುಮಾರು ಮೈನಸ್ 7.5, ಎಸ್‌ಎಫ್ 12ರಲ್ಲಿ ಮೈನಸ್ 20 ಡೆಸಿಬೆಲ್ ತನಕ ಲೋರಾ ಓದಬಲ್ಲದು. ಎಸ್‌ಎನ್‌ಆರ್ ಜಾಗ ಖಾಲಿ, ಆರ್‌ಎಸ್‌ಎಸ್‌ಐ ಮಾತ್ರ ಇದೆ ಅಂದರೆ ಸಂದೇಶ ಬಂದಿಲ್ಲ ಅಂತಲೇ ಅನುಮಾನ ಪಡಿ.

ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿಸಿ. ನೋಡ್‌ನ ಬ್ಯಾಟರಿ ತೆಗೆಸಿ, ಎರಡು ಸಂದೇಶದ ಹೊತ್ತು ಕಾಯಿರಿ. ಆಪ್ ಆಗಲೂ ಹಸಿರೇ ತೋರಿಸಿದರೆ ದುಡ್ಡು ಕೊಡಬೇಡಿ.

ನನ್ನ ತೋಟದಲ್ಲಿ ಈಗ ಎರಡು ಗಂಟೆ ಸರಿಯಾದ ಸಂದೇಶ ಬರದಿದ್ದರೆ ರೀಡಿಂಗ್ ಅಳಿಸಿ ಹೋಗುತ್ತೆ, ಫೋನಿಗೆ ಅಲರ್ಟ್ ಬರುತ್ತೆ, ವಾಲ್ವ್ ತಾನಾಗಿ ಹಳೇ ಟೈಮರ್‌ಗೆ ತಿರುಗುತ್ತೆ. ಆಂಟೆನಾವನ್ನು ಗಿಡದ ಬುಡದಿಂದ ಎತ್ತಿ ಎಂಟಡಿ ಪೈಪಿನ ತುದಿಗೆ ಕಟ್ಟಿದ್ದೀನಿ, ವೀಡರ್‌ಗೂ ಸಿಗಲ್ಲ, ಎಲೆಯೂ ಅಡ್ಡ ಬರಲ್ಲ. ಅವ್ವ ಮಾತ್ರ ದಿನಾ ಬೆಳಗ್ಗೆ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ನೋಡೋದನ್ನ ಬಿಟ್ಟಿಲ್ಲ.